ತಟ್ಟಿ ನೋಡುವ ಮುಳ್ಳು

ರಾತ್ರಿ ಹನ್ನೊಂದಕ್ಕೆ ಕಾಡಿನ ನಡುವಿನ ಪುಕಾಲ್ಪಾ ಊರಿನ ಜನರೇಟರ್ ನಿಂತಿತು. ಫ್ಯಾನಿನ ರೆಕ್ಕೆ ಇನ್ನೆರಡು ಸುತ್ತು ತಿರುಗಿ ಸುಮ್ಮನಾದ ಮೇಲೆ ರಿಪೇರಿ ಮೇಸ್ತ್ರಿ ಅಬ್ಸಲೋನನಿಗೆ ಆ ಸದ್ದು ಕೇಳಿಸಿತು. ಕಾಗದವನ್ನು ಯಾರೋ ಉಗುರಿನಿಂದ ಗೀರಿದಂತೆ. ಒಂದು ಸಲ. ತುಸು ಹೊತ್ತು ಬಿಟ್ಟು ಇನ್ನೊಂದು ಸಲ. ಅದು ಬರುತ್ತಿದ್ದದ್ದು ಕೆಲಸದ ಮೇಜಿನ ಮೇಲಿದ್ದ ಹಳೆಯ ಗಿಟಾರ್ ಆಂಪ್ಲಿಫೈಯರಿನ ಒಳಗಿಂದ. ಅದರ ವೈರನ್ನು ಅವನು ಗೋಡೆಗೆ ಸಿಕ್ಕಿಸಿಯೇ ಇರಲಿಲ್ಲ.

ಜಿರಲೆ, ಅಂದುಕೊಂಡ.

ಆ ಆಂಪನ್ನು ಮಧ್ಯಾಹ್ನ ತಳ್ಳುಗಾಡಿಯಲ್ಲಿ ಹಾಕಿಸಿಕೊಂಡು ಬಂದವಳು ಮುದುಕಿ ಎತೆಲ್ವೀನಾ. ಅದು ಅವಳ ತಂಗಿಯ ಮಗ ಲೀಲೊನದು. ಬಂದರಿನ ಕುಣಿತದ ಮನೆಗಳಲ್ಲಿ ಅವನ ಗಿಟಾರ್ ಇಲ್ಲದೆ ಶನಿವಾರ ಕಳೆಯುತ್ತಿರಲಿಲ್ಲ.

"ಮೇಸ್ತ್ರಿ, ಏನ್ ಬೇಕಾದ್ರೂ ಬಿಚ್ಚು. ಆದ್ರೆ ಒಳಗೆ ಕರೀದೊಂದು ಮುಳ್ಳು ಕಟ್ಟಿದೆ. ಅದನ್ನ ಮಾತ್ರ ಮುಟ್ಬೇಡ."

"ಯಾಕಜ್ಜಿ, ಮುಳ್ಳಿಗೂ ಕರೆಂಟ್ ಕೊಟ್ಟಿದೀರಾ?"

"ನಗು, ನಗು. ಲಿಮಾ ಪಟ್ಣದೋರು ಹೊಸದ್ರಲ್ಲಿ ಎಲ್ಲಾ ನಗ್ತಾರೆ. ನಾಲ್ಕು ವರ್ಷದ ಹಿಂದೆ ಯಾರೋ ಹೊಟ್ಟೆಕಿಚ್ಚಿನೋನು ಲೀಲೊ ಮೇಲೆ ಮಾಟ ಮಾಡಿ ಬಿಟ್ಟ ಮುಳ್ಳದು. ಯಾರಿನಾ ಅನ್ನೋ ಊರಿನ ನಾಟಿ ವೈದ್ಯ ಅವನ ಎದೆಗೆ ಬಾಯಿಟ್ಟು ಹೀರಿ ತೆಗೆದ. ಎಸೆದ್ರೆ ಬೇರೆ ಮೈ ಹುಡುಕ್ತದೆ ಅಂತ ಇದ್ರೊಳಗೆ ಕಟ್ಟಿಟ್ಟ. ಹಾಡು ಕೇಳ್ಕೊಂಡು ಮಲಗಿರ್ತದೆ. ಈಗ ಮೂರು ವಾರ ಆಯ್ತು, ಇದು ಬರೀ ಕರಕರ ಅಂತದೆ, ಹಾಡ್ತಿಲ್ಲ."

"ಹಾಗಾದ್ರೆ ಬೇಗ ರಿಪೇರಿ ಮಾಡಿ ಜೋಗುಳ ಹಾಡಿಸ್ತೀನಿ ಬಿಡಿ," ಎಂದು ಅಬ್ಸಲೋನ್ ನಕ್ಕಿದ್ದ. ಅವನು ಈ ಊರಿಗೆ ಬಂದು ಇನ್ನೂ ನಾಲ್ಕು ತಿಂಗಳು.

ಈಗ ಅವನು ಎದ್ದು, ಟಾರ್ಚ್ ಹಿಡಿದು, ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದ. ಕಬ್ಬಿನ ಸಾರಾಯಿಯ, ನಾಟು ತಂಬಾಕಿನ, ಸುಟ್ಟ ಧೂಳಿನ ವಾಸನೆ ಒಟ್ಟಿಗೆ ಮುಖಕ್ಕೆ ಬಡಿಯಿತು. ಜಿರಲೆ ಇರಲಿಲ್ಲ. ಸ್ಪೀಕರಿನ ಹಿಂದೆ ಕೆಂಪು ದಾರದಲ್ಲಿ ಕಟ್ಟಿದ್ದ ತಾಳೆಯ ಮುಳ್ಳು, ಗೇಣುದ್ದ, ಇದ್ದಿಲಿನಷ್ಟು ಕಪ್ಪು. ಅದರ ಮೊನೆ ಸ್ಪೀಕರಿನ ಕಾಗದಕ್ಕೆ ತಾಗಿತ್ತು. ಕಾಗದದ ಮೇಲೆ ಹೊಸ ಗೀರುಗಳಿದ್ದವು.

ಕರಕರ ಸದ್ದಿಗೆ ಕಾರಣ ಇದೇ ಎಂದುಕೊಂಡು ದಾರ ಕತ್ತರಿಸಿದ. ಮುಳ್ಳು ಅಂಗೈಯಲ್ಲಿ ಬೆಚ್ಚಗಿತ್ತು. ಈ ಸೆಕೆಯಲ್ಲಿ ಯಾವುದು ತಣ್ಣಗಿರುತ್ತದೆ?

ಬೆಳಿಗ್ಗೆ ಕರೆಂಟು ಬಂದ ಮೇಲೆ ಆಂಪ್ ಹಚ್ಚಿ ನೋಡಿದರೆ ಕರಕರ ಹಾಗೆಯೇ ಇತ್ತು. ಅಂದರೆ ತಟ್ಟಿ ನೋಡಬೇಕು. ಗಾಜಿನ ಬುರುಡೆಯಂಥ ವಾಲ್ವುಗಳೆಲ್ಲ ಉರಿಯುತ್ತಿರುವಾಗಲೇ ಒಂದೊಂದನ್ನೂ, ಒಂದೊಂದು ಬೆಸುಗೆಯನ್ನೂ ಒಣಗಿದ ಕಡ್ಡಿಯಿಂದ ಮೆಲ್ಲಗೆ ತಟ್ಟುವುದು. ಎಲ್ಲಿ ತಟ್ಟಿದಾಗ ಸ್ಪೀಕರ್ ಕಿರುಚುತ್ತದೋ ಅಲ್ಲಿ ರೋಗ. ಎಡಗೈ ಮಾತ್ರ ಸದಾ ಜೇಬಿನಲ್ಲಿರಬೇಕು. ಎರಡೂ ಕೈ ಒಳಗಿಟ್ಟವನ ಎದೆಯ ಮೂಲಕ ನಾನೂರು ವೋಲ್ಟು ಹಾದುಹೋಗಬಹುದು. ಅವನ ಬಿದಿರಿನ ಕಡ್ಡಿ ಲಿಮಾದಿಂದ ಬರುವಾಗ ಲಾರಿಯಲ್ಲಿ ಮುರಿದಿತ್ತು. ಮೇಜಿನ ಮೇಲೆ ಈ ಮುಳ್ಳು ಇತ್ತು. ಒಣಗಿದ್ದು, ಗಟ್ಟಿ, ಹಿಡಿಯಲು ಹದವಾದದ್ದು. ಇಂಥ ಕಡ್ಡಿ ಯಾವ ಮೇಸ್ತ್ರಿಗೂ ಸಿಕ್ಕಿರಲಾರದು ಎಂದು ಖುಷಿಪಟ್ಟ.

ಏಳು ವರ್ಷದ ಮಗಳು ಮೀಲಾ ಕರಿದ ಬಾಳೆಕಾಯಿ ತಿನ್ನುತ್ತ ಬಂದು ಪಕ್ಕದಲ್ಲಿ ನಿಂತಳು.

"ಪಪ್ಪಾ, ಅದಕ್ಕೆ ಯಾಕೆ ಹೊಡೀತಿದೀಯ?"

"ಹೊಡೀತಿಲ್ಲ ಕಣೇ, ಎಲ್ಲಿ ನೋವು ಅಂತ ಕೇಳ್ತಿದೀನಿ."

"ನನ್ನೂ ಕೇಳು."

"ಬಾ, ಈ ವಾಲ್ವು ನೆಟ್ಟಗಿದ್ಯಾ ನೋಡೋಣ." ಮುಳ್ಳಿನ ಮೊನೆಯಿಂದ ಅವಳ ಎದೆಯನ್ನು ಒಂದೇ ಒಂದು ಸಲ ತಟ್ಟಿದ.

ಸ್ಪೀಕರಿನಿಂದ ಸದ್ದು ಬಂತು. ಡುಬ್ ಡುಬ್. ಡುಬ್ ಡುಬ್.

"ನಾನು ರೇಡಿಯೊ! ಅಮ್ಮಾ, ನಾನು ರೇಡಿಯೊ!" ಎಂದು ಕೂಗುತ್ತ ಮೀಲಾ ಒಳಗೆ ಓಡಿದಳು. ಮುಳ್ಳಿಗೆ ಯಾವ ತಂತಿಯೂ ಇರಲಿಲ್ಲ. ಯಾವುದೋ ವಾಲ್ವು ಸಡಿಲವಾಗಿರಬೇಕು ಎಂದುಕೊಂಡ. ಮೂರನೆಯ ವಾಲ್ವಿನ ಬುಡದಲ್ಲಿ ಬಿರುಕು ಬಿಟ್ಟಿದ್ದ ಬೆಸುಗೆ ಸಿಕ್ಕಿತು. ಹೊಸದಾಗಿ ಬೆಸೆದ. ಕರಕರ ನಿಂತಿತು. ಅದರ ಅಡಿಯಲ್ಲಿದ್ದ ಡುಬ್ ಡುಬ್ ಮೆಲುಸದ್ದು ನಿಲ್ಲಲಿಲ್ಲ.

ಸಂಜೆಗೆ ಮಗುವಿಗೆ ಜ್ವರ. ಕಾಂಪೌಂಡರ್ ಬಂದು ಇಂಜೆಕ್ಷನ್ ಕೊಟ್ಟು ಹೋದ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳು ಮಾತು ಬಿಟ್ಟಳು. ತಾಯಿ ನೀವೆಸ್ ಒದ್ದೆಬಟ್ಟೆಯಿಂದ ಒರೆಸುತ್ತಲೇ ಇದ್ದಳು. ಮಗುವಿನ ಉಸಿರು ಗಂಟಲಲ್ಲಿ ಗೀರುತ್ತಿತ್ತು, ಕಾಗದದ ಮೇಲೆ ಉಗುರಿನ ಹಾಗೆ. ಆ ಸದ್ದು ಅಬ್ಸಲೋನನಿಗೆ ಗುರುತು ಸಿಕ್ಕಿತು.

ಆಂಪ್ ಆಯಿತೇ ಎಂದು ಕೇಳಲು ಬಂದ ಎತೆಲ್ವೀನಾ ಅವನ ಅಂಗಿಯ ಜೇಬಿನಲ್ಲಿದ್ದ ಮುಳ್ಳನ್ನು ಕಂಡು ಹಿಂದೆ ಹಿಂದೆ ಸರಿದು ಬೀದಿಗೇ ಇಳಿದಳು.

"ಯಾರಿಗೆ ತಾಗಿಸ್ದೆ?"

"ಯಾರಿಗೂ ಇಲ್ಲ."

"ತಾಗಿಸಿಲ್ಲಾಂದ್ರೆ ಈಗ್ಲೇ ಒಳಗೆ ಕಟ್ಟು. ಒಂದ್ಸಲ ಮೈ ರುಚಿ ನೋಡಿದ್ರೆ ಮತ್ತೆ ಪೆಟ್ಟಿಗೇಲಿ ಮಲಗಲ್ಲ ಅದು. ಒಬ್ಬರನ್ನ ಬಿಟ್ರೆ ಇನ್ನೊಬ್ಬರು ಬೇಕು."

"ಆ ವೈದ್ಯ ಎಲ್ಲಿರ್ತಾರೆ ಅಜ್ಜಿ?"

"ಸತ್ತು ಎರಡು ವರ್ಷ ಆಯ್ತು."

"ನನಗೇ ಚುಚ್ಚಿಕೊಂಡ್ರೆ?"

ಮುದುಕಿ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದಳು. "ಹಿಡಿದ ಕೈಯೋನ ಮೈ ಅದಕ್ಕೆ ಕಾಣಲ್ಲ," ಎಂದಳು. ಆಮೇಲೆ ಬಂದದ್ದಕ್ಕಿಂತ ಬೇಗ ಬೇಗ ಹೋದಳು.

ಅವನು ನಂಬಲಿಲ್ಲ. ಆದರೂ ಬಾಗಿಲು ಹಾಕಿ, ಆಂಪಿನ ಸ್ವಿಚ್ ಒತ್ತಿ, ಮುಳ್ಳನ್ನು ತನ್ನ ಎದೆಗೆ ಒತ್ತಿಕೊಂಡ. ಮೂರು ಸಲ ಚುಚ್ಚಿಕೊಂಡ. ಅಂಗಿಯ ಮೇಲೆ ರಕ್ತದ ಮೂರು ಚುಕ್ಕೆ. ಸ್ಪೀಕರಿನಲ್ಲಿ ಅದೇ ಸಣ್ಣ ಸದ್ದು. ಡುಬ್ ಡುಬ್. ನಿನ್ನೆಗಿಂತ ನಿಧಾನ. ನಿನ್ನೆಗಿಂತ ದೂರ. ನೀವೆಸಳಿಗೆ ಹೇಳಿದರೆ ಅವಳು ಆ ಕ್ಷಣವೇ ತನ್ನ ಎದೆಯನ್ನು ಮುಂದೊಡ್ಡುತ್ತಾಳೆ. ಹಾಗಾಗಿ ಹೇಳಲಿಲ್ಲ.

ಮೂರು ಗಂಟೆಗೆ ಲೀಲೊ ಬಂದ. ಹೆಗಲಲ್ಲಿ ಗಿಟಾರ್, ಕೈಯಲ್ಲಿ ಚೀಲ.

"ಏನ್ ಮೇಸ್ತ್ರಿ, ಮುಖ ಹಿಂಗಾಗಿದೆ? ಆಂಪ್ ಸತ್ತೋಯ್ತಾ, ಇಲ್ಲಾ ನಮ್ ದೊಡ್ಡಮ್ಮನ ಕತೆ ಕೇಳಿ ನಿದ್ದೆ ಬಿಟ್ಯಾ? ಮಗೂಗೆ ಹುಷಾರಿಲ್ವಂತೆ. ಕಿತ್ತಳೆ ತಂದಿದೀನಿ, ತಗೋ. ಐದಕ್ಕೆ ಕಾಂತಮಾನಾ ಊರಿಗೆ ಹೋಗೋ ದೋಣಿ ಹಿಡೀಬೇಕು."

"ನುಡಿಸಿ ನೋಡು ಒಂದ್ಸಲ," ಎಂದ ಅಬ್ಸಲೋನ್.

ಲೀಲೊ ಸ್ಟೂಲಿನ ಮೇಲೆ ಕೂತು ತಂತಿಯ ಮೇಲೆ ಬಾಗಿದ. ಹಾಡು ಚೆಲ್ಲಿಕೊಂಡು ಬಂತು. ತಗಡಿನ ಮಾಡು ಝಲ್ಲೆಂದಿತು. ವಾಲ್ವುಗಳು ಕೆಂಪಗೆ ಉರಿದವು. ಹಾಡಿನ ಅಡಿಯಲ್ಲಿ ಆ ಸದ್ದು. ಡುಬ್. ತಡೆದು ತಡೆದು. ಡುಬ್. ಒಳಗಿನಿಂದ ನೀವೆಸ್ ಚೀರಿದಳು, "ಅಬ್ಸಲೋನ್! ಮಗು ಉಸಿರು ಎಳೀತಿಲ್ಲ!"

ಅವನ ಎಡಗೈ ಜೇಬಿನಲ್ಲಿತ್ತು. ಬಲಗೈಯಲ್ಲಿ ಮುಳ್ಳು. ಲೀಲೊನ ಬಾಗಿದ ಕತ್ತು. ಅದರ ಮೇಲೆ ಬೆವರು. ಒಂದು ಹೆಜ್ಜೆ. ಇನ್ನೊಂದು. ಸ್ಪೀಕರಿನಲ್ಲಿ ಸದ್ದು ನಿಂತಿತು. ಪೂರ್ತಿ ನಿಂತಿತು.

ತಟ್ಟಿದ.

"ಹಾ!" ಲೀಲೊ ಕತ್ತಿನ ಹಿಂದೆ ಕೈ ಬಡಿದುಕೊಂಡ. "ಏನದು?"

"ಸೊಳ್ಳೆ."

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಸ್ಪೀಕರ್ ಮಿಡಿಯಿತು. ದಪ್ಪಗೆ, ಭಾರವಾಗಿ, ದೊಡ್ಡ ಎದೆಯೊಂದರ ಸದ್ದು. ಒಳಗಿನಿಂದ ಕೀರಲು ದನಿ ಕೇಳಿಸಿತು: "ಅಮ್ಮಾ, ನೀರು."

"ಈ ಡುಬ್ ಡುಬ್ ಏನು ಮೇಸ್ತ್ರಿ?"

"ಹಳೇ ಆಂಪು. ಸ್ವಲ್ಪ ಗುನುಗುತ್ತೆ."

"ಗುನುಗ್ಲಿ ಬಿಡು." ಲೀಲೊ ಎಡಗೈ ಬೆರಳುಗಳನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದ. "ಸೆಕೆಗೆ ಕೈ ಜೋಮು ಹಿಡೀತಿದೆ ನೋಡು." ನಗುತ್ತಲೇ ತಳ್ಳುಗಾಡಿಯವನನ್ನು ಕೂಗಿದ. ಬೀದಿಯ ಕೆಂಪು ಮಣ್ಣಿನಲ್ಲಿ ಗಾಡಿ ತಿರುವು ದಾಟುವವರೆಗೂ ಅಬ್ಸಲೋನ್ ಬಾಗಿಲಲ್ಲೇ ನಿಂತಿದ್ದ. ಎರಡು ಸಲ ಕೂಗಲು ಬಾಯಿ ತೆರೆದ. ಮುಳ್ಳು ಈಗ ತಣ್ಣಗಿತ್ತು, ಬರೀ ಕಡ್ಡಿ. ಒಲೆಗೆ ಹಾಕಿದ. ತಟ್ಟನೆ ಉರಿದುಹೋಯಿತು.

ಒಳಗೆ ಮೀಲಾ ದಿಂಬಿಗೆ ಒರಗಿ ಕೂತಿದ್ದಳು. ನೀವೆಸ್ ಅಳುತ್ತ ನಗುತ್ತ ಕಿತ್ತಳೆ ಸುಲಿಯುತ್ತಿದ್ದಳು. ಕೋಣೆಯ ತುಂಬ ಅದರ ಪರಿಮಳ.

"ಸತ್ತೇಹೋದಳು ಅಂದ್ಕೊಂಡೆ. ಏನಾಯ್ತು ರೀ? ಯಾವ ದೇವರು ಕಾಪಾಡಿದ?"

"ನಿನ್ನೆ ಕೊಟ್ಟ ಇಂಜೆಕ್ಷನ್ನು," ಎಂದ ಅಬ್ಸಲೋನ್. "ಹಿಡಿಯೋಕೆ ಸ್ವಲ್ಪ ಹೊತ್ತು ಬೇಕಾಯ್ತು."

ನೀವೆಸ್ ಶಿಲುಬೆಯ ಗುರುತು ಮಾಡಿಕೊಂಡು ಮಗುವಿನ ಬಾಯಿಗೆ ಒಂದು ತೊಳೆ ಇಟ್ಟಳು. ದೂರದ ಬಂದರಿನಲ್ಲಿ ಐದು ಗಂಟೆಯ ದೋಣಿ ಉದ್ದಕ್ಕೆ ಕೂಗಿತು. ನಾಳೆಯೋ ನಾಡಿದ್ದೋ ಕಾಂತಮಾನಾದಿಂದ ಲೀಲೊನ ಸುದ್ದಿ ಬರುತ್ತದೆ. ಆಗಲೂ ಇದೇ ಮಾತು ಎಂದು ಅವನು ಗಟ್ಟಿ ಮಾಡಿಕೊಂಡ. ನೀವೆಸಳಿಗೆ, ಮುದುಕಿಗೆ, ಭಾನುವಾರ ಪಾಪನಿವೇದನೆ ಕೇಳುವ ಪಾದ್ರಿಗೆ, ಯಾರಿಗೂ ಬೇರೆ ಮಾತಿಲ್ಲ. ಇಂಜೆಕ್ಷನ್ನು.