ಕಟ್ಟುಕಥೆ ಅಂದುಬಿಟ್ಟಳು

"ಈ ಕಾದಂಬರಿ ಬರೆದೋರು ನೀವೇನಾ?"

ಗ್ರಂಥಾಲಯದ ಸಭಾಂಗಣದಲ್ಲಿ ಪುಸ್ತಕಗಳಿಗೆ ಸಹಿ ಹಾಕುತ್ತಿದ್ದ ಲೇಖಕಿ ತಲೆಯೆತ್ತಿದಳು. ಎದುರಿಗೆ ಲಿಫ್ಟ್ ರಿಪೇರಿಯವರ ನೀಲಿ ಅಂಗಿ ತೊಟ್ಟ ಯುವಕ. ಕಣ್ಣಲ್ಲಿ ಕೆಂಡ!

"ಹೌದು..."

"ಇದ್ರಲ್ಲಿರೋ ಇಸ್ತ್ರಿ ಹೆಂಗಸು ನಮ್ಮಮ್ಮ. ಕೈ ಮೇಲಿನ ಸುಟ್ಟ ಕಲೆ, ಸೀನಿದ ಮೇಲೆ ನಗೋದು... ಎಲ್ಲಾ ಅವಳೇ! ಆದ್ರೆ ಮಲಗಿದ್ದ ಮಗುನ ಬಿಟ್ಟು ಯಾರ ಜೊತೆಗೋ ಹೋಗೋಕೆ ಬಸ್ ಹತ್ತಿದ್ಲು ಅಂತ ಬರ್ದಿದೀರಲ್ಲ, ಆ ಮಗು ನಾನು ಕಣ್ರೀ! ನಮ್ಮಮ್ಮ ಹಾಗೆ ಮಾಡೋಳಾ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಲಾಂಡ್ರಿಗಳಲ್ಲಿ ದುಡಿದ ಹೆಂಗಸರ ಬದುಕನ್ನು ಅವರ ಬಾಯಿಂದಲೇ ಕೇಳಿ ಲೇಖಕಿ ಮೊದಲು ಇತಿಹಾಸ ಬರೆದಿದ್ದಳು. ಅದರಲ್ಲಿ ಹೇಳಲಾಗದೆ ಉಳಿದದ್ದು ಕಾದಂಬರಿಯಾಗಿತ್ತು. ಬಸ್ಸಿನ ಸಂಗತಿ ಹೇಳಿದ್ದು ಇವನ ತಾಯಿಯೇ. 'ನನ್ನ ಮಗನಿಗೆ ಮಾತ್ರ ಗೊತ್ತಾಗ್ಬಾರ್ದು ಮಗಳೇ' ಎಂದು ಕೈ ಹಿಡಿದಿದ್ದಳು.

ಹೆಸರು ಬದಲಿಸಿದೆ, ಆ ನಗು ಬದಲಿಸಲಿಲ್ಲವಲ್ಲ... ಎಂಥ ಪೆದ್ದಿ ನಾನು!

ನಿಜ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಅದು... ಬರೀ ಕಟ್ಟುಕಥೆ. ತಪ್ಪಾಯ್ತು."

"ನನಗಲ್ಲ, ಅಮ್ಮನಿಗೆ ಹೇಳಿ!"

ಭಾನುವಾರ ಅವರ ಮನೆಗೆ ಹೋದಳು. ಅವಳನ್ನು ಕಂಡದ್ದೇ ತಾಯಿಯ ಮುಖ ಬಿಳಿಚಿತು.

"ಕ್ಷಮಿಸಿ ಅಮ್ಮ. ಇಲ್ಲದ್ದನ್ನ ಬರೆದುಬಿಟ್ಟೆ."

"ಹೋಗ್ಲಿ ಬಿಡು ಮಗಳೇ..." ತಾಯಿ ತಲೆಯೆತ್ತಲಿಲ್ಲ.

ಬಸ್ ನಿಲ್ದಾಣದವರೆಗೂ ಅವನೇ ಬಂದ. "ಅಷ್ಟು ಜನರ ಮುಂದೆ ತಪ್ಪು ಒಪ್ಕೊಂಡ್ರಲ್ಲ. ಅದು ಹಿಡಿಸ್ತು ನಂಗೆ."

ಆಮೇಲೆ ಅವಳ ಕಟ್ಟಡದ ಲಿಫ್ಟ್ ನೋಡಲು ಪದೇಪದೇ ಬರತೊಡಗಿದ.

"ಲಿಫ್ಟ್ ಸರಿಯಾಗೇ ಇದೆಯಲ್ಲ?"

"ಸರಿಯಾಗಿದ್ಯಾ ಅಂತ ನೋಡೋದೂ ನನ್ನ ಕೆಲ್ಸಾನೇ ಕಣ್ರೀ!"

ನಕ್ಕು ಒಳಗೆ ಬಂದರೆ ಒಂದು ಸಾಲೂ ಬರೆಯಲಾಗುತ್ತಿರಲಿಲ್ಲ. ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ. ನನ್ನ ಪ್ರಾಮಾಣಿಕತೆ ಮೆಚ್ಚಿದ್ದಾನೆ... ಅದೇ ಸುಳ್ಳಲ್ಲವಾ?

ಒಂದು ಮಧ್ಯಾಹ್ನ ಮೆಟ್ಟಿಲ ಬಳಿ ಕೇಳಿಯೇಬಿಟ್ಟ. "ನೀವು ಏನನ್ನೂ ಮುಚ್ಚಿಡೋರಲ್ಲ. ಅದಕ್ಕೇ... ನನ್ನ ಮದುವೆ ಆಗ್ತೀರಾ?"

"ಆಗಲ್ಲ."

"ಯಾಕೆ?"

"ಹೇಳೋಕಾಗಲ್ಲ."

"ಅರ್ಥ ಆಯ್ತು ಬಿಡಿ. ಪುಸ್ತಕ ಬರೆಯೋರಿಗೆ ಸ್ಪ್ಯಾನರ್ ಹಿಡಿಯೋನು ಎಲ್ಲಿ ಸರಿಹೋಗ್ತಾನೆ!"

ಹಾಗಲ್ಲ ಎನ್ನುವಷ್ಟರಲ್ಲಿ ಅವನು ಇಳಿದು ಹೋಗಿದ್ದ.

ಅವಳಿಗೆ ಅನ್ನ ರುಚಿಸಲಿಲ್ಲ. ಅವನ ಮನೆಯ ಬೀದಿಯವರೆಗೂ ಹೋಗುವಳು, ತಿರುವಿನಿಂದಲೇ ವಾಪಸಾಗುವಳು. ಹೇಳಿದರೆ ತಾಯಿಗೆ ದ್ರೋಹ, ಹೇಳದಿದ್ದರೆ ಅವನಿಲ್ಲ...

ಒಂದು ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ಅವನೇ! ಅತ್ತು ಕೆಂಪಾದ ಕಣ್ಣು.

"ಊಟಕ್ಕೆ ಕೂತು ನಿಮ್ಮನ್ನ ಬೈತಿದ್ದೆ. ಅಮ್ಮ ತಟ್ಟೇನೇ ಎಳ್ಕೊಂಡ್ಲು. 'ಅವಳನ್ನ ಬೈಬೇಡ ಕಣೋ, ನಾನು ಬಸ್ ಹತ್ತಿದ್ದು ನಿಜ' ಅಂದ್ಲು."

ಅವಳು ಬಾಗಿಲನ್ನು ಪೂರ್ತಿ ತೆರೆದಳು.

"ಮುಂದಿನ ಸ್ಟಾಪಲ್ಲೇ ಇಳಿದು ಓಡಿ ಬಂದ್ಲಂತೆ. ನಾನಿನ್ನೂ ಎದ್ದೇ ಇರ್ಲಿಲ್ವಂತೆ."

"ಕೋಪ ಬಂತಾ?"

"ಬಂತು. ಬೀದಿ ಬೀದಿ ಸುತ್ತಿದೆ. ಹೋಗಿದ್ಲಲ್ಲ, ಹೋಗಿದ್ಲಲ್ಲ ಅಂತ... ವಾಪಸ್ ಬಂದ್ಲಲ್ಲ ಅನ್ನೋದು ಆಮೇಲೆ ಹೊಳೀತು." ಮೂಗೊರೆಸಿಕೊಂಡ. "ಅಷ್ಟು ಬೈದೆ ನಿಮ್ಗೆ. ಒಂದು ಮಾತು ಹೇಳ್ಬಾರ್ದಿತ್ತಾ?"

"ಆ ಮಾತು ನಂದಲ್ಲ. ಅಮ್ಮಂದು."

ಅವನು ಮೆಟ್ಟಿಲ ಕಡೆ ಕೈ ತೋರಿಸಿದ.

"ಅಮ್ಮ ಕೆಳಗೇ ನಿಂತಿದ್ದಾಳೆ. ನಿಮ್ಮನ್ನ ಕರ್ಕೊಂಡು ಬರದಿದ್ರೆ ನನ್ನ ಮನೆಗೇ ಸೇರಿಸಲ್ವಂತೆ. ಬರ್ತೀರಾ...?" ತಡವರಿಸಿದ. "ಬರ್ತೀಯಾ?"

ಅವಳ ಕಣ್ಣು ತುಂಬಿ ಬಂತು.

"ಬರ್ತೀನಿ ಕಣೋ."