ಒಂದು ಗುಟುಕಿನ ನೆಂಟಸ್ತನ

"ಹಾಗಾದ್ರೆ ಒಬ್ರೆನ್ ನಂಗೆ ಏನಾಗ್ತಾನೆ?" ಏಣಿಯ ಮೇಲಿನಿಂದ ತಿಹೊಮಿರ್ ಕೇಳಿದ.

ಕೆಳಗೆ ಸುಣ್ಣದ ಬಕೆಟ್ ಹಿಡಿದು ನಿಂತಿದ್ದ ಕೊಸಾನಾ ಅತ್ತಿತ್ತ ನೋಡಿದಳು. ಅಂಗಳದಲ್ಲಿ ಯಾರೂ ಇರಲಿಲ್ಲ.

"ಭಾವಮೈದ," ಎಂದಳು, ತುಟಿ ಮಾತ್ರ ಅಲುಗುವ ಹಾಗೆ.

"ನನ್ನ ತಮ್ಮ ನಿಂಗೆ?"

"ಮೈದುನ. ಅವನು ಮದುವೆಯಾದ್ರೆ ಅವನ ಹೆಂಡ್ತಿ ನಂಗೆ ಓರಗಿತ್ತಿ. ಇಬ್ರೂ ಸೇರಿ ನಿನ್ನ ಚಾಡಿ ಹೇಳ್ತೀವಿ."

"ನಮ್ಮಪ್ಪ, ನಿಮ್ಮಪ್ಪ?"

"ಬೀಗರು. ಮೂಗಿನ ಮೇಲೆ ಸುಣ್ಣ ಬಿದ್ದಿದೆ, ಒರೆಸ್ಕೋ."

"ನಾನು ನಿಂಗೆ?"

ಕೊಸಾನಾ ಬ್ರಷ್ಷನ್ನು ಸುಣ್ಣದಲ್ಲಿ ಅದ್ದಿ ಅವನ ಬೂಟಿನ ಮೇಲೆ ಉದ್ದಕ್ಕೂ ಒಂದು ಬಿಳಿ ಗೆರೆ ಎಳೆದಳು. ಅವನು ನಗುತ್ತಾ ಏಣಿಯಿಂದ ಬೀಳುವುದರಲ್ಲಿದ್ದ.

ಅರಿಲ್ಯೆ ಊರಿನ ಮೇಲಣ ಆ ಗುಡ್ಡಗಳಲ್ಲಿ ನೆಂಟಸ್ತನದ ಒಂದೊಂದು ಎಳೆಗೂ ಒಂದೊಂದು ಹೆಸರು. ಹೆಂಡತಿಯ ತಂಗಿಯ ಗಂಡನನ್ನು ಕೂಡ ಯಾರೂ 'ಅದೇ, ಅವನು' ಎನ್ನುವುದಿಲ್ಲ. ಎರಡು ವರ್ಷಗಳಿಂದ ಇವರಿಬ್ಬರೂ ಆ ಹೆಸರುಗಳನ್ನು ಒಬ್ಬರಿಗೊಬ್ಬರು ಮಿಠಾಯಿಯಂತೆ ಕೊಟ್ಟುಕೊಳ್ಳುತ್ತಿದ್ದರು. ಊರಿನ ಯಾರಿಗೂ ಇದರ ಸುಳಿವಿರಲಿಲ್ಲ.

ತಿಹೊಮಿರ್ ಊರಿನ ರಾಸ್‌ಬೆರಿ ಹಣ್ಣನ್ನು ಕೋಲ್ಡ್ ಸ್ಟೋರೇಜಿಗೆ ಸಾಗಿಸುವ ಲಾರಿಯ ಡ್ರೈವರ್. ಕೊಸಾನಾಳ ಅಣ್ಣ ಒಬ್ರೆನ್‌ನ ಜೀವದ ಗೆಳೆಯ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಸೈನ್ಯದ ಕಡ್ಡಾಯ ಸೇವೆಯನ್ನೂ ಒಂದೇ ಬ್ಯಾರಕ್ಕಿನಲ್ಲಿ ಮುಗಿಸಿದವರು. ವಸಂತದಲ್ಲೇ ಅವನು, "ನಿಮ್ಮಪ್ಪನ ಹತ್ರ ಮಾತಾಡ್ಲಾ?" ಎಂದಿದ್ದ. ಬೇಡವೆಂದವಳು ಕೊಸಾನಾಳೇ. "ಮೊದಲು ಅಣ್ಣನ ಮದುವೆ ಮುಗೀಲಿ. ಅವನ ಸಡಗರದಲ್ಲಿ ನನ್ನ ಸುದ್ದಿ ಬೆರೆಯೋದು ಬೇಡ." ಒಬ್ರೆನ್‌ಗೂ ದರಿಂಕಾಳಿಗೂ ಸೆಪ್ಟೆಂಬರಿನಲ್ಲಿ ಮದುವೆ ಗೊತ್ತಾಗಿತ್ತು. ಎಷ್ಟು ದಿನ? ಕಾಯಬಹುದು.

ಮದುವೆಗೆ ಹತ್ತು ದಿನವಿರುವಾಗ ಮುದುಕ ರಾದಿಸಾವ್ ಪ್ಲಮ್ ಮರದಿಂದ ಬಿದ್ದು ಸೊಂಟ ಮುರಿದುಕೊಂಡ.

ಅವನು ಈ ಮನೆಯ ಕೂಮ್. ಮದುವೆಯಲ್ಲಿ ಗಂಡಿನ ಹಿಂದೆ ಮೇಣದ ಬತ್ತಿ ಹಿಡಿದು ನಿಲ್ಲುವವನು, ಹುಟ್ಟಿದ ಮಗುವಿಗೆ ಹೆಸರಿಡುವವನು. ಕೂಮ್ ರಕ್ತದ ನೆಂಟನಲ್ಲ, ಆದರೆ ರಕ್ತಕ್ಕಿಂತ ಒಂದು ತೂಕ ಹೆಚ್ಚು. ಆಕಾಶದಲ್ಲಿ ದೇವರು, ಭೂಮಿಯಲ್ಲಿ ಕೂಮ್ ಎನ್ನುತ್ತಾರೆ. ಆ ಸ್ಥಾನ ಅಪ್ಪನಿಂದ ಮಗನಿಗೆ ಬರುವಂಥದ್ದು, ರಾದಿಸಾವನಿಗೆ ಗಂಡುಮಕ್ಕಳಿರಲಿಲ್ಲ. ಹಾಸಿಗೆಯಿಂದಲೇ ಹೇಳಿ ಕಳಿಸಿದ: "ನನ್ನ ಒಪ್ಪಿಗೆ ಇದೆ. ಬೇರೆ ಮನೆಯಿಂದ ಕೂಮ್ ತಂದ್ಕೊಳ್ಳಿ."

ಆ ಭಾನುವಾರ ಊಟಕ್ಕೆ ತಿಹೊಮಿರ್‌ನನ್ನೂ ಕರೆದಿದ್ದರು. ಒಬ್ರೆನ್ ಎದ್ದು ನಿಂತ. ಕೈಯಲ್ಲಿ ರಾಕಿಯಾ ಎಂಬ ಹಣ್ಣಿನ ಸಾರಾಯಿ ತುಂಬಿದ ಮರದ ಕುಪ್ಪಿ, ಅದರ ಕೊರಳಿಗೆ ಸುತ್ತಿದ ಹೂವು. ಕೊಸಾನಾ ರೊಟ್ಟಿಯ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು. ಆ ಹೂವು ಯಾಕೆಂದು ಅವಳಿಗೆ ಗೊತ್ತಿತ್ತು: ಕೂಮ್ ಆಗೆಂದು ಕೇಳುವಾಗ ಅಂಥ ಕುಪ್ಪಿಯನ್ನೇ ಕೊಡುತ್ತಾರೆ, ಒಂದು ಗುಟುಕು ಕುಡಿದರೆ ಒಪ್ಪಿದ ಹಾಗೆ.

"ತಿಹೊ," ಎಂದ ಒಬ್ರೆನ್. "ಅಪ್ಪ ಬೇರೆ ಬೇರೆ ಮನೆ ಹೆಸರು ಹೇಳಿದ್ರು. ನಾನು ಬೇಡ ಅಂದೆ. ನಂಗೆ ಒಡಹುಟ್ಟಿದ ತಮ್ಮ ಇಲ್ಲ, ನೀನೇ. ದೇವರ ಹೆಸರಲ್ಲಿ, ಸಂತ ಯೋವಾನನ ಹೆಸರಲ್ಲಿ ಕೇಳ್ತಿದ್ದೀನಿ. ನನ್ನ ಕೂಮ್ ಆಗು."

ಸಂತ ಯೋವಾನನ ಹೆಸರು ಹೇಳಿ ಕೇಳಿದ ಮೇಲೆ ಇಲ್ಲವೆಂದವನು ಆ ಸೀಮೆಯಲ್ಲಿ ಇಲ್ಲ. ಕೂಮ್ ಆದ ಮನೆಯಿಂದ ಹೆಣ್ಣು ತಂದವನೂ ಇಲ್ಲ. ಆ ಮನೆಯ ಹೆಣ್ಣುಮಕ್ಕಳೆಲ್ಲ ಅವನಿಗೆ ಅಕ್ಕತಂಗಿಯರು.

ತಿಹೊಮಿರ್ ಕುಪ್ಪಿಯನ್ನು ಮುಟ್ಟಲಿಲ್ಲ. ಕೊಸಾನಾಳನ್ನೇ ನೋಡಿದ. ಎರಡು ವರ್ಷ ಕದ್ದು ನೋಡಿದವನು ಈಗ ಎಲ್ಲರೆದುರು ನೆಟ್ಟ ನೋಟದಿಂದ ನೋಡಿದ. ಹೇಳು, ಈಗಲಾದರೂ ಹೇಳು ಎನ್ನುವ ಹಾಗೆ.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಟೋಪಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು ಕಂಡಿತು. ಅಜ್ಜಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ಒಬ್ರೆನ್ ಮಗುವಿನಂತೆ ನಗುತ್ತಾ ಕೈ ಚಾಚಿಯೇ ನಿಂತಿದ್ದ. ಅವಳು ಬಾಯಿ ಮುಚ್ಚಿ ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

ತಿಹೊಮಿರ್ ಕುಪ್ಪಿ ತೆಗೆದುಕೊಂಡು ಒಂದು ಗುಟುಕು ಕುಡಿದ.

ಆ ಸಂಜೆ ಅಂಗಳದ ಒಲೆಯ ಮೇಲೆ ಅಮ್ಮ ಕೆಂಪು ದೊಣ್ಣೆ ಮೆಣಸಿನಕಾಯಿ ಸುಡುತ್ತಿದ್ದಳು. ಕೊಸಾನಾ ಸಿಪ್ಪೆ ಸುಲಿಯುತ್ತಿದ್ದಳು.

"ಕಣ್ಣಲ್ಲಿ ಯಾಕೆ ನೀರು?"

"ಹೊಗೆ ಅಮ್ಮ."

"ಹೊಗೆ ಆ ಕಡೆ ಹೋಗ್ತಿದೆ."

ಕೊಸಾನಾ ಎಲ್ಲವನ್ನೂ ಹೇಳಿದಳು. ಅಮ್ಮ ಸುಡುತ್ತಿದ್ದ ಮೆಣಸಿನಕಾಯಿ ಒಲೆಯಲ್ಲೇ ಕರಕಲಾಯಿತು.

"ಅಯ್ಯೋ ಹುಚ್ಚಿ," ಎಂದಳು ಕೊನೆಗೆ, ಬಹಳ ಮೆಲ್ಲಗೆ. "ಬೆಳಿಗ್ಗೆ ಹೇಳಿದ್ರೆ ಅವನನ್ನ ಅಳಿಯ ಅಂತ ತಬ್ಕೋತಿದ್ದೆ. ಈಗ ಅವನು ಕುಡಿದುಬಿಟ್ಟ. ನಾನೇನು ಮಾಡ್ಲಿ ಹೇಳು?"

ಮಾರನೆಯ ದಿನ ರಸ್ತೆಯ ತಿರುವಿನಲ್ಲಿ ಲಾರಿ ನಿಂತಿತ್ತು. ತಿಹೊಮಿರ್ ಅವತ್ತು ಗಡ್ಡ ಬೋಳಿಸಿಕೊಂಡಿರಲಿಲ್ಲ.

"ಪಾದ್ರಿನ ಕೇಳಿದೆ," ಎಂದ. "ಕೂಮ್ ಆದೋನು ಗಂಡಿನ ತಂಗಿನ ಮದುವೆಯಾಗಬಾರದು ಅಂತ ಪುಸ್ತಕದಲ್ಲಿ ಇಲ್ವಂತೆ."

ಕೊಸಾನಾ ತಟ್ಟನೆ ತಲೆಯೆತ್ತಿದಳು.

"ಆದ್ರೆ ಈ ಗುಡ್ಡದಲ್ಲಿ ಪುಸ್ತಕ ಓದೋನು ನಾನೊಬ್ನೇ ಕಣಪ್ಪಾ ಅಂದ್ರು."

ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ಅವಳಿಗೆ ಅಳು ಬಂತು.

"ಬೆಲ್‌ಗ್ರೇಡ್‌ಗೆ ಹೋಗಿಬಿಡೋಣ. ರಿಜಿಸ್ಟರ್ ಮದುವೆ."

"ಆಮೇಲೆ? ದರಿಂಕಾಗೆ ಹುಟ್ಟೋ ಮಗುಗೆ ಒಂದು ಕೆಮ್ಮು ಬಂದ್ರೂ ಕೂಮ್ ಶಾಪ ಅಂತಾರೆ. ಅವಳ ಅಪ್ಪ ಮದುವೇನೇ ನಿಲ್ಲಿಸ್ತಾನೆ."

"ಹಾಗಾದ್ರೆ ಒಬ್ರೆನ್‌ಗೇ ಹೇಳ್ತೀನಿ. ಕೊಟ್ಟ ಮಾತಿಂದ ಅವನು ನನ್ನ ಬಿಡಿಸ್ತಾನೆ."

"ಬಿಡಿಸ್ತಾನೆ. ಅದಕ್ಕೇ ಹೇಳ್ಬಾರ್ದು. ಕೂಮ್‌ನ ವಾಪಸ್ ಕಳಿಸಿದೋನು ಅಂತ ಸಾಯೋವರೆಗೂ ಅವನನ್ನ ಬೆರಳು ತೋರಿಸಿ ಮಾತಾಡ್ತಾರೆ."

ತಿಹೊಮಿರ್ ಲಾರಿಯ ಬಾಗಿಲಿಗೆ ಹಣೆಯೊತ್ತಿ ನಿಂತ. "ವಸಂತದಲ್ಲೇ ಕೇಳ್ತೀನಿ ಅಂದಿದ್ದೆ, ಕೊಸಾನಾ."

"ಗೊತ್ತು."

ಮದುವೆಯ ಬೆಳಿಗ್ಗೆ ದಿಬ್ಬಣದವರ ಕೋಟಿಗೆಲ್ಲ ರೋಸ್‌ಮರಿ ಕಡ್ಡಿ ಚುಚ್ಚುವ ಕೆಲಸ ಗಂಡಿನ ತಂಗಿಯದು. ಕೊಸಾನಾ ಒಬ್ಬೊಬ್ಬರಿಗೇ ಚುಚ್ಚುತ್ತಾ ಬಂದಳು. ಎಲ್ಲಕ್ಕಿಂತ ದೊಡ್ಡ ಕಡ್ಡಿ ಕೂಮ್‌ಗೆ. ತಿಹೊಮಿರ್ ಹೊಸ ಕಪ್ಪು ಕೋಟಿನಲ್ಲಿ, ಮೇಣದ ಬತ್ತಿ ಹಿಡಿದು ಎದುರು ನಿಂತ. ಸೋಪಿನ ವಾಸನೆ, ಕೆನ್ನೆಯ ಮೇಲೆ ಬ್ಲೇಡಿನ ಸಣ್ಣ ಗಾಯ.

ಅಕಾರ್ಡಿಯನ್ನಿನ ಗದ್ದಲದಲ್ಲಿ ಅವಳಿಗಷ್ಟೇ ಕೇಳುವ ಹಾಗೆ ಹೇಳಿದ: "ಒಂದ್ಸಲ 'ತಿಹೊ' ಅನ್ನು. ಅಷ್ಟು ಸಾಕು. ಈ ಬತ್ತಿ ಇಲ್ಲೇ ಇಟ್ಟು ನಿನ್ನ ಕೈ ಹಿಡ್ಕೊಂಡು ಹೊರಟುಬಿಡ್ತೀನಿ."

ಅವಳ ಬೆರಳಿಗೆ ಪಿನ್ನು ಚುಚ್ಚಿತು. ಅವನ ಎದೆಬಡಿತ ಕೋಟಿನಾಚೆಯಿಂದ ಅಂಗೈಗೆ ತಾಕುತ್ತಿತ್ತು. ಹಿಂದೆ ಒಬ್ರೆನ್ ಯಾರಿಗೋ ಹೇಳುತ್ತಿದ್ದ, "ನೋಡಿ, ನನ್ನ ಕೂಮ್ ಎಷ್ಟು ಚೆಂದ ಇದ್ದಾನೆ!"

"ನೆಟ್ಟಗೆ ನಿಂತ್ಕೋ," ಎಂದಳು ಕೊಸಾನಾ. ಉಸಿರೆಳೆದುಕೊಂಡು ಸೇರಿಸಿದಳು, "ಕೂಮ್."

ಅವನು ಕಣ್ಣು ಮುಚ್ಚಿ ತೆರೆದ. "ಆಗ್ಲಿ, ಕೂಮಾ." ಕೂಮ್ ಆ ಮನೆಯ ಹೆಣ್ಣುಮಕ್ಕಳನ್ನು ಕರೆಯುವುದು ಹಾಗೆಯೇ.

ಮಧ್ಯಾಹ್ನ ಅಂಗಳದಲ್ಲಿ ಕುಣಿತ ಶುರುವಾದಾಗ ಅಜ್ಜಿಯೇ ಕೊಸಾನಾಳನ್ನು ತಳ್ಳಿ ಕೂಮ್ ಪಕ್ಕ ನಿಲ್ಲಿಸಿದಳು. ಎರಡು ವರ್ಷ ಬೇಲಿಯ ಹಿಂದೆ, ಗಿಡಗಳ ಮರೆಯಲ್ಲಿ ಹಿಡಿದ ಕೈಯನ್ನು ಅವತ್ತು ಅವನು ಇಡೀ ಊರಿನ ಮುಂದೆ ಹಿಡಿದ. ಯಾರೂ ತಿರುಗಿಯೂ ನೋಡಲಿಲ್ಲ.

ಮುಂದಿನ ವರ್ಷ ರಾಸ್‌ಬೆರಿ ಕೊಯ್ಲಿಗೆ ಮೊದಲು ದರಿಂಕಾಳಿಗೆ ಹೆಣ್ಣುಮಗುವಾಯಿತು. ಚರ್ಚಿನಲ್ಲಿ ಮಗುವನ್ನೆತ್ತಿಕೊಂಡು ನಿಂತವನು ತಿಹೊಮಿರ್. ಹೆಸರೇನೆಂದು ಅವನು ಮಗುವಿನ ಅಪ್ಪಅಮ್ಮನಿಗೂ ಹೇಳಿರಲಿಲ್ಲ, ಹಾಗೆ ಹೇಳುವ ಪದ್ಧತಿಯೂ ಅಲ್ಲಿಲ್ಲ. ಪಾದ್ರಿ ಕೇಳಿದಾಗ ಸ್ಪಷ್ಟವಾಗಿ ಹೇಳಿದ:

"ಕೊಸಾನಾ."

"ಬದುಕಿರೋರ ಹೆಸರನ್ನ ಇಡ್ತಾರೇನೋ?" ಅಜ್ಜಿ ಗೊಣಗಿದಳು.

"ಕೂಮ್ ಹೇಳಿದ ಮೇಲೆ ಮುಗೀತು," ಎಂದ ಅಪ್ಪ.

ಒಬ್ರೆನ್ ಮೊದಲು ನಕ್ಕ. ಆಮೇಲೆ ಗೆಳೆಯನ ಮುಖ ನೋಡಿದ. ಕಿಟಕಿಯ ಬಳಿ ಗೋಡೆಗೆ ಒರಗಿ ನಿಂತ ತಂಗಿಯನ್ನು ನೋಡಿದ. ನಗು ಅವನ ಮುಖದಿಂದ ಸ್ವಲ್ಪ ಸ್ವಲ್ಪವಾಗಿ ಇಳಿದುಹೋಯಿತು.

ಊಟವಾದ ಮೇಲೆ ಬಾವಿಯ ಹತ್ತಿರ ಅವಳನ್ನು ಹುಡುಕಿಕೊಂಡು ಬಂದ.

"ಯಾವಾಗಿಂದ?"

"ಬಿಡು ಅಣ್ಣ."

"ಅವತ್ತು ಕುಪ್ಪಿ ಹಿಡ್ಕೊಂಡು ನಿಂತಿದ್ದಾಗ... ನಿಮ್ಮಿಬ್ರಿಗೂ..." ಅವನು ಬಾವಿಯ ಕಟ್ಟೆಯ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ನಾನು ಪ್ರೀತಿಯಿಂದ ಕೇಳಿದೆ ಕಣೇ. ಪ್ರೀತಿಯಿಂದ."

"ಅದಕ್ಕೇ ನಮಗೆ ಇಲ್ಲ ಅನ್ನೋಕೆ ಆಗ್ಲಿಲ್ಲ," ಎಂದು ಅವಳು ಅವನ ತಲೆ ಸವರಿದಳು.

ಸಂಜೆ ತಿಹೊಮಿರ್ ಹೊರಟಾಗ ಕೊಸಾನಾ ಮಗುವನ್ನು ಇಸಿದುಕೊಳ್ಳಲು ಗೇಟಿನವರೆಗೆ ಹೋದಳು. ಅವನು ಮಗುವನ್ನು ಕೊಡದೆ ನಿಂತ.

"ಬೇಜಾರಾಯ್ತಾ, ಕೂಮಾ? ನಿನ್ನ ಹೆಸರು ಹೇಳದೆ ಒಂದು ವರ್ಷ ಆಗ್ತಾ ಬಂತು. ಇನ್ನು ಆಗ್ಲಿಲ್ಲ ನಂಗೆ."

ಅವಳು ಮಗುವಿನ ಟೋಪಿಯ ದಾರವನ್ನು ಸರಿಮಾಡಿದಳು. ದಾರ ಸರಿಯಾಗಿಯೇ ಇತ್ತು.

"ಇಲ್ಲಿಗೆ ಬಂದಾಗೆಲ್ಲ ಜೋರಾಗಿ ಕರಿ ಅವಳನ್ನ," ಎಂದಳು. "ಅಡುಗೆಮನೇಲಿದ್ರೂ ಕೇಳೋ ಹಾಗೆ."

ತಿಹೊಮಿರ್ ಜೋರಾಗಿ ಕರೆದ.

"ಕೊಸಾನಾ!"

ಮಗು ಅವನ ತೋಳಿನಲ್ಲಿ ಗಾಢ ನಿದ್ದೆಯಲ್ಲಿತ್ತು.

"ಓ," ಎಂದಳು ಅವಳು.