ಕೂತವರಿಗೆ ಬಿಟ್ಟ ಪದ

ಶಿವಮೊಗ್ಗದ ದುರ್ಗಿಗುಡಿಯ ನನ್ನ ಸಂಗೀತ ಪಾಠದ ಕೋಣೆಯ ಬಾಗಿಲಿಗೆ ಆ ಮನುಷ್ಯ ಬಂದು ನಿಂತಾಗ ನಾನು ಆರು ಮಕ್ಕಳಿಗೆ ಸರಳೆ ಹೇಳಿಕೊಡುತ್ತಿದ್ದೆ. ಕೈಯಲ್ಲಿ ಹೆಲ್ಮೆಟ್, ತಲೆಯ ಮೇಲೆ ಹೆಲ್ಮೆಟ್ ಕೆಡಿಸಿದ ಕೂದಲು, ಮುಖದಲ್ಲಿ ಜಗಳಕ್ಕೆ ಬಂದವರ ಗಾಂಭೀರ್ಯ.

"ಪ್ರಿಯಂವದಾ ಮೇಡಂ ಅಂದ್ರೆ ನೀವೇನಾ?"

"ಹೌದು. ಪಾಠಕ್ಕೆ ಸೇರ್ಸೋಕ್ ಬಂದ್ರಾ? ಮಗು ಎಲ್ಲಿ?"

"ಮಗು ಇಲ್ಲ ರೀ. ಮದ್ವೇನೂ ಆಗಿಲ್ಲ."

ಮಕ್ಕಳು ಕಿಸಕ್ಕನೆ ನಕ್ಕರು. ನಾನು ಕಣ್ಣು ಬಿಟ್ಟೆ, ಸುಮ್ಮನಾದರು.

"ಮತ್ತೆ ಯಾರು ನೀವು?"

"ನಾನು ಬಿಟ್ಟ ಸ್ಥಳ," ಎಂದ. "ಭದ್ರಾವತಿಯಿಂದ ಬಂದಿದ್ದೀನಿ."

ಜೇಬಿನಿಂದ ಫೋನ್ ತೆಗೆದು ಒತ್ತಿದ. ಕೋಣೆಯ ತುಂಬ ನನ್ನದೇ ದನಿ: "ಮಾವ, ಈ ಭದ್ರಾವತಿ ಕ್ವಾರ್ಟರ್ಸ್ ಬ್ಯಾಂಡ್ ಬೇಡವೇ ಬೇಡ. ಆ ಹಾಡೋನು ಪ್ರತಿ ಸಾಲಲ್ಲೂ ಕಡೇ ಪದ ಮರೀತಾನೆ. ಇದು ಹಾಡಲ್ಲ, ಬಿಟ್ಟ ಸ್ಥಳ ತುಂಬಿರಿ ಅನ್ನೋ ಪ್ರಶ್ನೆಪತ್ರಿಕೆ."

ನನ್ನ ಸೋದರಮಾವ ಮಲ್ಲೇಶ್ ಗೋಪಾಳದ ಕನ್ನಡ ಸಂಘದ ಅಧ್ಯಕ್ಷರು. ರಾಜ್ಯೋತ್ಸವಕ್ಕೆ ಯಾವ ತಂಡ ಕರೆಸೋಣ ಎಂದು ನಾಲ್ಕು ಯೂಟ್ಯೂಬ್ ಲಿಂಕ್ ಕಳಿಸಿ ನನ್ನ ಅಭಿಪ್ರಾಯ ಕೇಳಿದ್ದರು. ಹಾಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳುವವರು ಪೆಟ್ಟು ತಿನ್ನಲು ತಯಾರಾಗಿಯೇ ಕೇಳುತ್ತಾರೆ. ನಾನು ಹೇಳಿದ್ದನ್ನು ಅವರು ಇಡೀ ಗ್ರೂಪಿಗೆ ಕಳಿಸಿದ್ದರು, ಗ್ರೂಪಿನಲ್ಲಿದ್ದ ಯಾರೋ ಅದನ್ನು ಹೊಳೆ ದಾಟಿಸಿ ಭದ್ರಾವತಿಗೆ ಮುಟ್ಟಿಸಿದ್ದರು. ನಾಚಿಕೆಯಾಯಿತು. ಆದರೆ ಹೇಳಿದ್ದು ತಪ್ಪು ಎಂದು ಅನ್ನಿಸಿರಲಿಲ್ಲ.

"ಪ್ರಿಯಂವದಾ ಅಂದ್ರೆ ಪ್ರಿಯವಾಗಿ ಮಾತಾಡೋರು ಅಂತ ಅಲ್ವಾ?" ಎಂದ ಅವನು.

"ಹೆಸರಿಟ್ಟಾಗ ನನಗಿನ್ನೂ ಮಾತು ಬರ್ತಿರ್ಲಿಲ್ಲ."

ಅವನ ಎಡ ಹುಬ್ಬು ಸ್ವಲ್ಪ ಮೇಲೆ ಹೋಯಿತು. ನಗು ಬಂದರೂ ಬಾಯಿಗೆ ಬಿಡದೆ ಅಲ್ಲೇ ತಡೆದುಕೊಂಡ. ಆ ತಡೆದ ನಗುವನ್ನು ನಾನು ನೋಡಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದೆ.

"ಹೆಸರು ಧರ್ಮೇಂದ್ರ. ಬರೋ ಭಾನುವಾರ ಸಂಜೆ ಐದಕ್ಕೆ ನಮ್ಮ ಕಾಲೋನಿ ಸ್ಕೂಲ್ ಗ್ರೌಂಡಲ್ಲಿ ಪ್ರೋಗ್ರಾಂ. ಒಂದ್ಸಲ ಎದುರಿಗೆ ಕೂತು ಕೇಳಿ. ಆಮೇಲೂ ಹಂಗೇ ಅನ್ಸಿದ್ರೆ ಸ್ಟೇಜ್ ಮೇಲೇ ಬಂದು ಬೈರಿ. ಮೈಕ್ ನಾನೇ ಕೊಡ್ತೀನಿ."

"ಯೂಟ್ಯೂಬಲ್ಲಿ ಕೇಳಿದ್ದೀನಲ್ಲ, ಸಾಕು."

"ಅದ್ರಲ್ಲಿ ಅರ್ಧ ಮಾತ್ರ ಇರೋದು ರೀ."

"ಇನ್ನರ್ಧ?"

"ಭದ್ರಾವತೀಲಿದೆ," ಎಂದು ಹೆಲ್ಮೆಟ್ ಹಾಕಿಕೊಂಡು ಹೊರಟೇಬಿಟ್ಟ.

ಅವನು ಕರೆದದ್ದಕ್ಕೆ ನಾನು ಹೋಗಲಿಲ್ಲ. ಬೈಯಲು ಹೋದೆ. ಸ್ಕೂಟರ್ ಬೈಪಾಸ್ ದಾಟುವಾಗ ಏನೇನು ಹೇಳಬೇಕೆಂದು ಒಂದೊಂದಾಗಿ ಜೋಡಿಸಿಟ್ಟುಕೊಂಡಿದ್ದೆ.

ಸ್ಕೂಲ್ ಗ್ರೌಂಡಿಗೆ ಜನ ಮನೆಯಿಂದಲೇ ಕುರ್ಚಿ ಹೊತ್ತು ತರುತ್ತಿದ್ದರು. ಪಕ್ಕದ ಸಾಲಿನಲ್ಲಿ ತಮಿಳು, ಹಿಂದೆ ತೆಲುಗು, ಮುಂದೆ ಕನ್ನಡ. ಕುರ್ಚಿ ಇಲ್ಲದೆ ನಿಂತಿದ್ದ ನನ್ನನ್ನು ಎರಡನೇ ಸಾಲಿನ ಒಬ್ಬ ಹೆಂಗಸು ಕೈ ಹಿಡಿದು ಪಕ್ಕದ ಕುರ್ಚಿಗೆ ಕೂರಿಸಿದರು. ತೊಡೆಯ ಮೇಲಿನ ಚೀಲದಲ್ಲಿ ಇನ್‌ಹೇಲರ್, ಅದರ ಪಕ್ಕದಲ್ಲೇ ಕೋಡುಬಳೆಯ ಪೊಟ್ಟಣ. ಕೇಳದೆಯೇ ಎರಡು ಕೋಡುಬಳೆ ನನ್ನ ಕೈಗಿಟ್ಟರು.

ತಂಡದಲ್ಲಿ ಐದೇ ಜನ. ಧರ್ಮೇಂದ್ರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದೆ ನಿಂತಿದ್ದ. ಕಣ್ಣು ಸಾಲುಸಾಲಾಗಿ ಹುಡುಕುತ್ತ ಬಂದು ನನ್ನ ಮೇಲೆ ನಿಂತಿತು. ಕೋಡುಬಳೆ ಬಾಯಲ್ಲಿಟ್ಟುಕೊಂಡು ನಾನು ಆದಷ್ಟು ಬಿಗುವಾಗಿ ಕೂತೆ.

ನಾನು ಯೂಟ್ಯೂಬಿನಲ್ಲಿ ಕೇಳಿದ್ದ ಅದೇ ಹಾಡಿನಿಂದ ಶುರುಮಾಡಿದ. ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಬರುವವರಿಗಾಗಿ ಅವನೇ ಕಟ್ಟಿದ ಹಾಡು.

"ಹೊತ್ತಾದರೂ ಪರವಾಗಿಲ್ಲ, ನಡೆದೇ ಬಾ, ಹೊಸ್ತಿಲ ಮೇಲೆ ದೀಪ…"

ನಿಲ್ಲಿಸಿಬಿಟ್ಟ. ಮೈಕನ್ನು ಚಾಚಲಿಲ್ಲ, ಕೈ ಎತ್ತಲಿಲ್ಲ, ಹಾಡಿ ಎಂದು ಕಣ್ಣಲ್ಲೂ ಕೇಳಲಿಲ್ಲ. ಸುಮ್ಮನೆ ಬಿಟ್ಟ.

"ಇದೆ," ಎಂದಿತು ಇಡೀ ಗ್ರೌಂಡು.

"ಎಸರಿಗೆ ಅಕ್ಕಿ ಹಾಕಾಯಿತು, ನಿನ್ನ ಪಾಲಿನ ಅನ್ನ…"

"ಇದೆ."

ನಾನೂರು ಜನರ ಆ ಒಂದು ಪದದಲ್ಲಿ ಮುದುಕರ ಕಫ ಇತ್ತು, ಹೆಂಗಸರ ನಗು ಇತ್ತು, ತಮಿಳಿನವರ ಉದ್ದನೆಯ 'ಎ' ಇತ್ತು. ಶ್ರುತಿ ಹುಡುಕಿದರೆ ನಾಲ್ಕೈದು ಸಿಗುತ್ತಿದ್ದವು. ನನಗೆ ಮೈ ಜುಮ್ಮೆಂದಿತು. ಜೋಡಿಸಿಟ್ಟುಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನಾನು ಕೇಳಿದ್ದ ರೆಕಾರ್ಡಿಂಗಿನಲ್ಲಿ ಅವನು ಯಾವ ಪದವನ್ನೂ ಮರೆತಿರಲಿಲ್ಲ, ಈ ಜನ ಇರಲಿಲ್ಲ ಅಷ್ಟೆ.

"ನಾನು ಕಲ್ಸಿದ ತಪ್ಪಮ್ಮ ಅದು," ಎಂದರು ಪಕ್ಕದಲ್ಲಿದ್ದವರು. ನನ್ನ ಮುಖದಲ್ಲಿ ಏನು ಕಂಡರೋ. "ನಾನು ಜಯಶೀಲಾ, ಅವನ ತಾಯಿ. ಶನಿವಾರದ ಭಜನೇಲಿ ಮೊದ್ಲು ನಾನೇ ಹಾಡ್ತಿದ್ದೆ. ದಮ್ಮು ಶುರುವಾದ್ಮೇಲೆ ಸಾಲಿನ ಕೊನೇತನಕ ಉಸಿರೇ ಸಾಲ್ತಿರ್ಲಿಲ್ಲ. ಕಡೇ ಪದ ಕೂತೋರು ಹೇಳೋರು. ಏನಾಯ್ತು ಅಂತ ಒಂದಿನಾನೂ ಯಾರೂ ಕೇಳ್ಲಿಲ್ಲ. ಇವ್ನು ವಾರವಾರ ಅದನ್ನೇ ಕೇಳ್ಕೊಂಡು ಬೆಳ್ದ, ಹಾಡೋದು ಅಂದ್ರೆ ಹಂಗೇ ಅನ್ಕೊಂಡ."

ಮುಂದಿನ ಸಾಲಿಗೆ ಅವರೂ ಉಳಿದವರೊಂದಿಗೆ "ಇದೆ" ಎಂದರು. ನಾನು ಎನ್ನಲಿಲ್ಲ. ಪದ ಗಂಟಲಿಗೆ ಬಂದಿತ್ತು. ಬಾಯಿ ತೆರೆದರೆ ಅಳು ಬರುತ್ತದೆಂದು ಹೆದರಿದೆ.

ಪ್ರೋಗ್ರಾಂ ಮುಗಿದ ಮೇಲೆ ಹೇಳಿದ ಮಾತಿನಂತೆ ಮೈಕ್ ಹಿಡಿದುಕೊಂಡು ಕೆಳಗಿಳಿದು ಬಂದ.

"ತಗೊಳ್ಳಿ. ಬೈರಿ."

"ಸ್ಟುಡಿಯೋದಲ್ಲಿ ಯಾಕೆ ಪೂರ್ತಿ ಹಾಡ್ಲಿಲ್ಲ?"

"ಬಾಯಿಗೇ ಬರ್ಲಿಲ್ಲ ರೀ. ಕಡೇ ಪದ ನಂದಲ್ವಲ್ಲ. ರೆಕಾರ್ಡಿಂಗ್‌ನವರು ಮೂರ್ ಸಲ ಕೇಳಿದ್ರು, ಮರ್ತೋಯ್ತಾ ಅಂತ."

ನನಗೆ ನಗು ಬಂತು. ಅವನಿಗೂ ಬಂತು, ಈ ಸಲ ತಡೆಯಲಿಲ್ಲ. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಸ್ವಲ್ಪ ಸೊಟ್ಟಗಿತ್ತು. ಆ ಸೊಟ್ಟ ಹಲ್ಲು ಕೂಡ ನನಗೆ ಇಷ್ಟವಾಯಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದು ಗೊತ್ತಾಯಿತು.

"ಮೈಕ್ ಬೇಡ," ಎಂದೆ. "ಬೈದಿದ್ದು ಗೋಪಾಳದಲ್ಲಿ. ವಾಪಸ್ ತಗೊಳ್ಳೋದೂ ಅಲ್ಲೇ."

"ಅಲ್ಲಿ ನಮ್ಮ ಪ್ರೋಗ್ರಾಂ ಬೇಡ ಅಂದ್ರಲ್ಲ."

"ಬೇಡ ಅನ್ನೋ ಹಾಗೆ ಮಾಡಿದ್ದು ನಾನು. ನಾನೇ ಮಾಡಿಸ್ತೀನಿ."

ಮಾವನಿಗೆ ಹೇಳಿದಾಗ ಅವರು ಕಾಫಿ ಲೋಟ ಕೆಳಗಿಟ್ಟರು. "ಮಾರಾಯ್ತಿ, ನಿನ್ನ ಮಾತು ಕೇಳ್ಕೊಂಡೇ ಬೇಡ ಅಂದ್ವಿ. ಬೇರೆ ಆರ್ಕೆಸ್ಟ್ರಾಗೆ ಹೇಳಾಯ್ತು. ಇವತ್ತು ಬೇಕು ಅಂತೀಯಲ್ಲ?"

"ಅವತ್ತು ಅರ್ಧ ಕೇಳಿ ಹೇಳಿದ್ದೆ ಮಾವ."

"ಕಮಿಟಿಯವರು ನಗ್ತಾರೆ."

"ನಗ್ಲಿ. ಅವರ ಮನೆ ಅಡ್ರೆಸ್ ಕೊಡಿ."

ಕಮಿಟಿಯಲ್ಲಿ ಏಳು ಜನ. ಕೋಟೆ ರಸ್ತೆಯಲ್ಲಿ ಇಬ್ಬರು, ಗೋಪಾಳದಲ್ಲಿ ಐವರು. ಪಾಠ ಮುಗಿಸಿ ದಿನಕ್ಕೆರಡು ಮನೆ ಹತ್ತಿದೆ. ನಾನು ತಪ್ಪು ಹೇಳಿದ್ದೆ ಎಂಬ ವಾಕ್ಯ ಮೊದಲ ಮನೆಯಲ್ಲಿ ನಾಲಿಗೆಗೆ ಬಂದಿದ್ದು ಎರಡು ಲೋಟ ಕಾಫಿಯ ನಂತರ. ಏಳನೇ ಮನೆಯ ಹೊತ್ತಿಗೆ ಚಪ್ಪಲಿ ಬಿಡುವಾಗಲೇ ಹೇಳುತ್ತಿದ್ದೆ. ಕೊನೆಗೆ ಆರ್ಕೆಸ್ಟ್ರಾಕ್ಕೂ ಮೊದಲು ಒಂದೇ ಒಂದು ಹಾಡಿಗೆ ಒಪ್ಪಿದರು.

ಈ ನಡುವೆ ಧರ್ಮೇಂದ್ರನಿಗೆ ದುರ್ಗಿಗುಡಿಯಲ್ಲಿ ಕೆಲಸಗಳು ಹೆಚ್ಚಾದವು. ಒಂದು ದಿನ ಗಿಟಾರ್ ತಂತಿ ಬೇಕಿತ್ತು, ಮರುದಿನ ಅದೇ ತಂತಿ ಬದಲಾಯಿಸಬೇಕಿತ್ತು. ಪ್ರತಿ ಸಲವೂ ಪಾಠ ಬಿಡುವ ಹೊತ್ತಿಗೇ ಸರಿಯಾಗಿ ಬರುತ್ತಿದ್ದ. ಮಕ್ಕಳು ಅವನಿಗೆ ಬಿಟ್ಟ ಸ್ಥಳ ಅಂಕಲ್ ಎಂದು ಹೆಸರಿಟ್ಟಿದ್ದರು.

ಒಂದು ಹಾಡು ಸಿಕ್ಕಿತು ಎಂದಾಗ ಅವನ ಮುಖ ಅರಳಲಿಲ್ಲ.

"ಬೇಡ ರೀ," ಎಂದ. "ಅಲ್ಲಿನವರಿಗೆ ಹಾಡೇ ಗೊತ್ತಿಲ್ಲ. ಯಾರು ತುಂಬ್ತಾರೆ?"

"ಮೊದ್ಲೇ ಹೇಳ್ಬಿಡೋಣ, ನೀವೆಲ್ಲ ಇದೆ ಅನ್ನಿ ಅಂತ."

"ಹೇಳಿ ಹೇಳಿಸಿದ್ರೆ ಅದು ಬೇರೆ. ನಮ್ಮಮ್ಮ ಯಾರನ್ನೂ ಕೇಳಿರ್ಲಿಲ್ಲ." ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೂತ. "ಯಾರೂ ಅನ್ದಿದ್ರೆ ಸ್ಟೇಜ್ ಮೇಲೆ ಪದ ಮರ್ತೋನು ಅಂತ್ಲೇ ಆಗೋದು. ನಿಮ್ಮ ಮಾತೇ ನಿಜ ಆಗುತ್ತೆ. ಆಮೇಲೆ ಶಿವಮೊಗ್ಗದಲ್ಲಿ ನಮ್ಮನ್ನ ಯಾರು ಕರೀತಾರೆ? ನಾನು ಯಾವ ಮುಖ ಇಟ್ಕೊಂಡು ನಿಮ್ಮೆದುರಿಗೆ ಬರ್ಲಿ?"

ಕೊನೆಯ ಮಾತು ಅವನಿಗೆ ಗೊತ್ತಿಲ್ಲದೆ ಹೊರಬಂದಿತ್ತು. ಬೆರಳು ಪಟ್ಟಿಯಲ್ಲೇ ನಿಂತುಹೋಯಿತು. ನಾನು ಕೇಳಿಸಿಕೊಂಡಿದ್ದೆ.

"ಯಾರೂ ಅನ್ದಿದ್ರೆ ನಾನಂತೀನಿ."

"ಒಬ್ರೇನಾ?"

"ಒಬ್ಳೇ."

"ಜನ ತಿರುಗಿ ನೋಡ್ತಾರೆ ರೀ."

"ನೋಡ್ಲಿ," ಎಂದೆ. ಅವನು ನೋಡಿದ. ನಾನೂ ನೋಡಿದೆ. ಮನೆಯೊಳಗಿನಿಂದ ನನ್ನ ಅಮ್ಮ ಮೂರು ಸಲ ಕರೆದರಂತೆ, ನನಗೆ ಕೇಳಿಸಿರಲಿಲ್ಲ.

ರಾಜ್ಯೋತ್ಸವದ ಸಂಜೆ ಗೋಪಾಳದ ಪಾರ್ಕಿನಲ್ಲಿ ಜನ ಬಾಡಿಗೆ ಕುರ್ಚಿಗಳಲ್ಲಿ ಶಿಸ್ತಾಗಿ ಕೂತಿದ್ದರು. ಮಾವ ಮುಂದಿನ ಸಾಲಿನಲ್ಲಿ ಕೆಂಪು ಹಳದಿ ಶಲ್ಯ ಹೊದ್ದು ಕೂತಿದ್ದರು. ನಾನು ವೇದಿಕೆ ಹತ್ತಿ ಫೋನನ್ನು ಮೈಕಿಗೆ ಹಿಡಿದು ನನ್ನ ವಾಯ್ಸ್ ಮೆಸೇಜನ್ನು ಎಲ್ಲರಿಗೂ ಕೇಳಿಸಿದೆ. ಜನ ನಕ್ಕರು. "ಹೀಗೆ ಹೇಳಿದ್ದು ನಾನೇ. ನಾನು ಕೇಳಿದ್ದು ಅರ್ಧ ಹಾಡು, ಬೈದಿದ್ದು ಪೂರ್ತಿ. ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ," ಎಂದು ಹೇಳಿ ಕೆಳಗಿಳಿದು ಮಾವನ ಪಕ್ಕ ಕೂತೆ.

ಧರ್ಮೇಂದ್ರ ಹಾಡಿದ. "ಹೊತ್ತಾದರೂ ಪರವಾಗಿಲ್ಲ, ನಡೆದೇ ಬಾ, ಹೊಸ್ತಿಲ ಮೇಲೆ ದೀಪ…"

ಬಿಟ್ಟ.

ಪಾರ್ಕು ಸುಮ್ಮನಿತ್ತು. ಎಲ್ಲೋ ಕುರ್ಚಿ ಕಿರುಗುಟ್ಟಿತು. ಯಾರೋ ಪಕ್ಕದವರ ಕಿವಿಯಲ್ಲಿ "ಮರ್ತ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಕಣ್ಣು ಮುಚ್ಚಿಕೊಂಡಿದ್ದ.

ಇಷ್ಟು ವರ್ಷ ನಾನು ಶ್ರುತಿಪೆಟ್ಟಿಗೆ ಇಲ್ಲದೆ ಒಂದು ಸ್ವರವನ್ನೂ ಹಾಡಿದವಳಲ್ಲ. ಬಾಯಿ ತೆರೆದೆ. "ಇದೆ," ಎಂದೆ. ದನಿ ನಡುವೆಯೇ ಒಡೆಯಿತು. ನನ್ನ ಶಿಷ್ಯರಾಗಿದ್ದರೆ ಇನ್ನೊಮ್ಮೆ ಹಾಡು ಎನ್ನುತ್ತಿದ್ದೆ.

ಅವನು ಕಣ್ಣು ತೆರೆದ.

"ಎಸರಿಗೆ ಅಕ್ಕಿ ಹಾಕಾಯಿತು, ನಿನ್ನ ಪಾಲಿನ ಅನ್ನ…"

"ಇದೆ." ಮತ್ತೆ ನಾನೊಬ್ಬಳೇ. ಹಿಂದಿನ ಸಾಲಿನವರು ನಕ್ಕರು. ಮುನ್ನೂರು ಜನ ನನ್ನ ಬೆನ್ನನ್ನು ನೋಡುತ್ತಿದ್ದರು. ಕಿವಿ ಬಿಸಿಯಾಯಿತು. ಹತ್ತು ಸಾಲಿದ್ದರೆ ಹತ್ತಕ್ಕೂ ಒಬ್ಬಳೇ ಅನ್ನುತ್ತೇನೆ ಎಂದು ಹಲ್ಲು ಕಚ್ಚಿ ಕೂತೆ.

"ಜಗಳವಾಡಿ ಹೋದವರೆ, ತಿರುಗಿ ಬನ್ನಿ, ನಿಮ್ಮ ಕುರ್ಚಿ ಇನ್ನೂ ಇಲ್ಲೇ…"

"ಇದೆ," ಎಂದೆ. ನನ್ನ ಜತೆಗೆ ಇನ್ನೊಂದು ದಪ್ಪ, ಒರಟು ದನಿ ಸೇರಿತು. ತಿರುಗಿದೆ. ಮಾವ ಶಲ್ಯ ಸರಿಮಾಡಿಕೊಳ್ಳುತ್ತ ಎತ್ತಲೋ ನೋಡುತ್ತಿದ್ದರು. "ಏನು ನೋಡ್ತೀಯ? ಮುಂದೆ ನೋಡು," ಎಂದು ಗದರಿದರು.

ನಾಲ್ಕನೇ ಸಾಲಿಗೆ ಹೆಂಗಸರ ಕಡೆಯಿಂದ ಏಳೆಂಟು ದನಿ ಬಂದವು. ಐದನೆಯದಕ್ಕೆ ಲೆಕ್ಕ ತಪ್ಪಿತು. ಕೊನೆಯ ಸಾಲಿಗೆ ಇಡೀ ಗೋಪಾಳ ಇದೆ ಎಂದಿತು, ಮುಗಿದ ಮೇಲೆ ಒನ್ಸ್ ಮೋರ್ ಎಂದಿತು. ನಾನು ಅಳುತ್ತಿದ್ದೆ. ಮಾವ ಮಾತಾಡದೆ ಶಲ್ಯದ ತುದಿಯನ್ನು ನನ್ನ ಕೈಗಿಟ್ಟರು.

ಆರ್ಕೆಸ್ಟ್ರಾದವರು ತಮ್ಮ ಕೀಬೋರ್ಡ್ ಜೋಡಿಸುತ್ತಿರುವಾಗ ವೇದಿಕೆಯ ಹಿಂದೆ ಹೋದೆ. ಅವನು ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಬಿಳಿ ಅಂಗಿ ಬೆವರಿಗೆ ಒದ್ದೆಯಾಗಿತ್ತು.

"ಶ್ರುತಿ ಸೇರ್ಲಿಲ್ಲ ಮೇಡಂ ನಿಮ್ದು," ಎಂದ.

"ಗೊತ್ತು."

"ಆ ಎರಡು ಸಾಲು, ನೀವೊಬ್ರೇ…" ಎಂದು ತಡವರಿಸಿದ. ನೆಲ ನೋಡಿದ, ನನ್ನನ್ನು ನೋಡಿದ, ಮತ್ತೆ ನೆಲ ನೋಡಿದ. "ಹೇಳ್ಬೇಕು ಅಂತ ಒಂದು ವಾರದಿಂದ ಓಡಾಡ್ತಿದ್ದೀನಿ ರೀ. ಗಿಟಾರ್ ತಂತಿ ಎಲ್ಲ ಸುಳ್ಳು. ನಂಗೆ ನಿಮ್ಮ ಮೇಲೆ ಪ್ರೀತಿ…"

ಅಲ್ಲಿಗೆ ನಿಲ್ಲಿಸಿದ.

ಪದ ನನ್ನ ತುಟಿಯ ತನಕ ಬಂದಿತ್ತು. ತಡೆದುಕೊಂಡೆ. ಕೈ ಕಟ್ಟಿ ನಿಂತೆ.

"ಇಲ್ಲ ರೀ. ಇದೊಂದನ್ನ ನಾನು ತುಂಬಲ್ಲ. ಪೂರ್ತಿ ನೀವೇ ಹೇಳ್ಬೇಕು."

"ರೂಢಿ ಇಲ್ಲ ರೀ."

"ರೂಢಿ ಮಾಡ್ಕೊಳ್ಳಿ. ಕಾಯ್ತೀನಿ."

ಉದ್ದಕ್ಕೆ ಉಸಿರೆಳೆದುಕೊಂಡ. ಕಿವಿಯ ತುದಿ ಕೆಂಪಾಯಿತು.

"ನಂಗೆ ನಿಮ್ಮ ಮೇಲೆ ಪ್ರೀತಿ ಇದೆ, ಪ್ರಿಯಂವದಾ."

ರೀ ಇರಲಿಲ್ಲ, ಮೇಡಂ ಇರಲಿಲ್ಲ. ನನ್ನ ಹೆಸರು ಅಷ್ಟು ಚೆನ್ನಾಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

"ನಂಗೂ…" ಎಂದೆ. ನಾನೂ ಅಲ್ಲಿಗೇ ನಿಲ್ಲಿಸಿಬಿಟ್ಟೆ.

ಅವನ ಎಡ ಹುಬ್ಬು ಮೆಲ್ಲಗೆ ಮೇಲೆ ಹೋಯಿತು. ಅವನೂ ಕೈ ಕಟ್ಟಿಕೊಂಡು ಎದುರಿಗೆ ನಿಂತ.

"ಕಾಯ್ತೀನಿ," ಎಂದ.

ಕಾಯಿಸಲಿಲ್ಲ. ಪೂರ್ತಿ ಹೇಳಿದೆ.